ಟರ್ಬೊ ಬದಲಾಯಿಸಿದ ಲಾರಿ ಘಾಟಿ ಹತ್ತದಿದ್ದರೆ: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಕಾಫಿ ಕೊಯ್ಲಿನ ಕೊನೆಯ ದಿನಗಳಲ್ಲಿ, ಅಂದರೆ ಫೆಬ್ರವರಿ ಕಳೆದು ಮಾರ್ಚ್ ಹಿಡಿಯುವ ಹೊತ್ತಿಗೆ, ಕುಶಾಲನಗರದ ನಮ್ಮ ಗ್ಯಾರೇಜಿಗೆ ಒಂದೇ ಬಗೆಯ ದೂರು ಹೊತ್ತ ಲಾರಿಗಳು ಒಂದರ ಹಿಂದೊಂದು ಬರುತ್ತವೆ. ಹಳೆಯ ಟರ್ಬೊ (ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಸಿಲಿಂಡರಿಗೆ ಹೆಚ್ಚು ಗಾಳಿ ತಳ್ಳುವ ಯಂತ್ರ) ಕೆಟ್ಟಿತೆಂದೋ, ಲೋಡು ಹಾಕಿದಾಗ ದಮ್ಮು ಸಾಲದೆಂದೋ ಮಾಲೀಕರು ಮೊದಲಿದ್ದುದಕ್ಕಿಂತ ದೊಡ್ಡ ಟರ್ಬೊ ಕೂರಿಸಿರುತ್ತಾರೆ. ಹುಣಸೂರು ಕಡೆಯ ಬಯಲು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿರುತ್ತದೆ. ಸಂಪಾಜೆ ಘಾಟಿಗೋ ಮಾಕುಟ್ಟದ ದಾರಿಗೋ ಇಳಿದ ಮೊದಲ ದಿನವೇ ತಕರಾರು ತೆಗೆದಿರುತ್ತದೆ. ಬಂದವರೆಲ್ಲ ಕೇಳುವುದು ಒಂದೇ ಮಾತು: "ಹೊಸ ಟರ್ಬೊನೇ ಡೂಪ್ಲಿಕೇಟ್ ಇರಬೇಕಲ್ವಾ ಅಣ್ಣ?" ಕೆಲವೊಮ್ಮೆ ಇರುತ್ತದೆ. ಆದರೆ ಬಹುಪಾಲು ಗಾಡಿಗಳಲ್ಲಿ ತಪ್ಪು ಇರುವುದು ಟರ್ಬೊಗೆ ಬರುವ ಗಾಳಿಯಲ್ಲಿ, ಎಣ್ಣೆಯಲ್ಲಿ ಅಥವಾ ಅದರಿಂದ ಹೊರಹೋಗುವ ಹೊಗೆಯ ದಾರಿಯಲ್ಲಿ. ಆದ್ದರಿಂದ ಟರ್ಬೊ ಬಿಚ್ಚುವ ಕೆಲಸವನ್ನು ಕೊನೆಗೆ ಇಟ್ಟುಕೊಂಡು, ಬರಿಗೈಯಲ್ಲೇ ಮಾಡಬಹುದಾದ ಪರೀಕ್ಷೆಗಳಿಂದ ಶುರುಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಮುಖ್ಯವಾಗಿ ಇದು ಮೆಕ್ಯಾನಿಕಲ್ ಡೀಸೆಲ್ ಪಂಪ್ ಇರುವ ಹಳೆಯ ಆರು ಸಿಲಿಂಡರಿನ ಲಾರಿಗಳಿಗೆ ಅನ್ವಯಿಸುತ್ತದೆ. ಎಲೆಕ್ಟ್ರಾನಿಕ್ ಗಾಡಿಗಳ ವಿಷಯ ಬೇರೆಯಾಗಿಯೇ ಬರುತ್ತದೆ.

ಕೈ ಹಚ್ಚುವ ಮುನ್ನ ಎರಡು ಮಾತು. ಕ್ಯಾಬಿನ್ ಎತ್ತಿದ ಮೇಲೆ ಅದರ ಲಾಕ್ ಕೂತಿದೆಯೇ ಎಂದು ಕಣ್ಣಾರೆ ನೋಡದೆ ಕೆಳಗೆ ತಲೆ ಹಾಕಬಾರದು. ನಮ್ಮ ಊರುಗಳಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟವಾದ್ದರಿಂದ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬದೆ ಚಕ್ರಗಳಿಗೆ ಮರದ ತುಂಡು ಕೊಡಲೇಬೇಕು. ಘಾಟಿ ಹತ್ತಿ ಬಂದ ಗಾಡಿಯ ಟರ್ಬೊ ಎಂಜಿನ್ ಆಫ್ ಮಾಡಿ ಮುಕ್ಕಾಲು ಗಂಟೆಯಾದರೂ ಚರ್ಮ ಸುಡುವಷ್ಟು ಕಾದಿರುತ್ತದೆ. ಇನ್ನು ಏರ್ ಹೋಸ್ ಕಳಚಿರುವಾಗ ಎಂಜಿನ್ ಚಾಲೂ ಮಾಡಬಾರದು. ಒಳಗಿನ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವಂಥದ್ದು. ಹೆಗಲ ಮೇಲಿನ ಟವೆಲ್ಲಿನ ಚುಂಗು ಹತ್ತಿರ ಹೋದರೂ ಅದು ಎಳೆದುಕೊಳ್ಳುತ್ತದೆ, ಬೆರಳಾದರೆ ಹೇಳುವುದೇ ಬೇಡ.

ಏರಿನಲ್ಲಿ ಎಳೆಯುತ್ತಿಲ್ಲ, ಕಪ್ಪು ಹೊಗೆ ಬರುತ್ತಿದೆ

ಡೀಸೆಲ್ ಸಾಕಷ್ಟು ಬರುತ್ತಿದೆ, ಅದನ್ನು ಪೂರ್ತಿ ಸುಡಲು ಗಾಳಿ ಸಾಲದು ಎಂಬುದೇ ಕಪ್ಪು ಹೊಗೆಯ ಅರ್ಥ. ಹೀಗಾಗಿ ಇಲ್ಲಿ ಹುಡುಕಬೇಕಾದದ್ದು ಗಾಳಿಯನ್ನು. ಅದು ಎಲ್ಲೋ ಕಟ್ಟಿಕೊಂಡಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ.

ಮೊದಲು ಏರ್ ಫಿಲ್ಟರಿನ ಡಬ್ಬಿ ತೆಗೆಯಿರಿ. ಡಬ್ಬಿಯ ಮೇಲಿನ ಸೂಚಕ ಕೆಂಪು ತೋರಿಸುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಹಳೆಯ ಗಾಡಿಗಳಲ್ಲಿ ಆ ಸೂಚಕವೇ ಸತ್ತಿರುತ್ತದೆ, ಅದು ಹಸಿರಿದೆ ಎಂದು ಮುಂದೆ ಹೋಗಬೇಡಿ. ಕೊಯ್ಲಿನ ಕಾಲದಲ್ಲಿ ತೋಟದ ಒಳದಾರಿಯ ಕೆಂಪು ಧೂಳು ಫಿಲ್ಟರಿನ ಮಡಿಕೆಗಳಲ್ಲಿ ಹಿಟ್ಟಿನಂತೆ ಕೂತಿರುತ್ತದೆ. ಮಳೆಗಾಲದಲ್ಲಿ ಅದೇ ಕಾಗದ ಒದ್ದೆಯಾಗಿ ಉಬ್ಬಿ ಗಾಳಿ ಬಿಡುವುದಿಲ್ಲ. ಅನೇಕರು ಫಿಲ್ಟರನ್ನು ಟಯರಿಗೆ ಬಡಿದು, ಕಂಪ್ರೆಸರಿನ ಗಾಳಿಯನ್ನು ಪೂರ್ತಿ ಒತ್ತಡದಲ್ಲಿ ಹೊಡೆದು ಮತ್ತೆ ಹಾಕುತ್ತಾರೆ. ಕಾಗದದಲ್ಲಿ ಸೂಜಿಯಷ್ಟು ತೂತಾದರೂ ಸಾಕು, ಅಲ್ಲಿಂದ ನುಗ್ಗಿದ ಧೂಳು ಟರ್ಬೊದ ಚಕ್ರದ ಅಂಚನ್ನು ಉಪ್ಪುಕಾಗದ ಉಜ್ಜಿದಂತೆ ಸವೆಸುತ್ತದೆ. ಫಿಲ್ಟರಿನ ಒಳಗೆ ಬಲ್ಬು ಹಿಡಿದು ಹೊರಗಿನಿಂದ ನೋಡಿ. ಚುಕ್ಕಿ ಬೆಳಕು ಕಂಡರೆ ಆ ಫಿಲ್ಟರ್ ಎಸೆಯಿರಿ. ಕ್ಯಾಬಿನ್ ಹಿಂದಿನ ಗಾಳಿಕೊಳವೆಯ ಬಾಯಿಯನ್ನೂ ಮರೆಯಬಾರದು. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳ ಓಡಾಟ ನಿಲ್ಲಿಸಿದ ದಿನಗಳಲ್ಲಿ ಮರದಡಿ ನಿಂತಿದ್ದ ಒಂದು ಟಿಂಬರ್ ಲಾರಿಯ ಕೊಳವೆಯಿಂದ ನಾನು ಒಂದು ಬುಟ್ಟಿಯಷ್ಟು ಸಿಲ್ವರ್ ಓಕ್ ಎಲೆಯನ್ನೂ ಅದರ ನಡುವೆ ಇಲಿಯ ಗೂಡನ್ನೂ ತೆಗೆದಿದ್ದೇನೆ. ಅದರ ಮಾಲೀಕರು ಅಷ್ಟರಲ್ಲಾಗಲೇ ಹೊಸ ಟರ್ಬೊಗೆ ಮುಂಗಡ ಕೊಟ್ಟಾಗಿತ್ತು.

ಫಿಲ್ಟರ್ ಸರಿಯಿದ್ದರೆ ಹೋಸುಗಳಿಗೆ ಬನ್ನಿ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಹೋಗುವ ಪ್ರತಿಯೊಂದು ರಬ್ಬರ್ ಕೀಲಿನ ಸುತ್ತ ಕೈಯಾಡಿಸಿ ನೋಡಿ. ಎಣ್ಣೆಪಸೆಗೆ ಧೂಳು ಅಂಟಿ ಕಪ್ಪು ಗೆರೆ ಮೂಡಿದ್ದರೆ ಅದೇ ಸೋರುವ ಜಾಗ. ದೊಡ್ಡ ಟರ್ಬೊ ಹಾಕಿದ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ, ಏಕೆಂದರೆ ಹೊಸ ಟರ್ಬೊದ ಬಾಯಿಯ ಅಳತೆ ಬೇರೆ, ಹೋಸು ಹಳೆಯದು. ಎಳೆದು ಕೂರಿಸಿದ ಹೋಸು ಗ್ಯಾರೇಜಿನಲ್ಲಿ ಗಟ್ಟಿಯಾಗಿ ಕಂಡರೂ ಲೋಡಿನ ಒತ್ತಡಕ್ಕೆ ಒಂದು ಬದಿಯಲ್ಲಿ ಬಾಯಿ ಬಿಡುತ್ತದೆ. ಫಿಲ್ಟರಿನಿಂದ ಟರ್ಬೊಗೆ ಬರುವ ಹೋಸಿನದು ಇನ್ನೊಂದು ಬಗೆಯ ಮೋಸ. ಹಳೆಯದಾದಾಗ ಅದರ ಒಳಪದರ ಬಿಟ್ಟುಕೊಂಡು, ಐಡಲಿನಲ್ಲಿ ಸುಮ್ಮನಿದ್ದು, ರೇಸ್ ಮಾಡಿದಾಗ ಒಳಕ್ಕೆ ಹೀರಿಕೊಂಡು ದಾರಿ ಮುಚ್ಚುತ್ತದೆ. ಒಬ್ಬರು ಆಕ್ಸಿಲರೇಟರ್ ಒತ್ತುವಾಗ ಇನ್ನೊಬ್ಬರು ದೂರದಿಂದ ಆ ಹೋಸು ಚಪ್ಪಟೆಯಾಗುತ್ತದೆಯೇ ಎಂದು ನೋಡಿದರೆ ತಿಳಿಯುತ್ತದೆ.

ಕಣ್ಣಿಗೆ ಏನೂ ಕಾಣದಿದ್ದರೆ ಒತ್ತಡದ ಪರೀಕ್ಷೆ ಮಾಡಬೇಕು. ಇಂಟರ್‌ಕೂಲರಿನ ಎರಡೂ ಬಾಯಿಗೆ ಮುಚ್ಚಳ ಬಿಗಿದು 30 ಪಿಎಸ್‌ಐ ಗಾಳಿ ತುಂಬಿ, ವಾಲ್ವ್ ಮುಚ್ಚಿ, 15 ಸೆಕೆಂಡಿನಲ್ಲಿ ಮುಳ್ಳು ಎಷ್ಟು ಇಳಿಯುತ್ತದೆಂದು ನೋಡುವುದು ರೂಢಿ. 5ರಿಂದ 7 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋರಿಕೆ ಗಂಭೀರವಾಗಿದೆ ಎಂದರ್ಥ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದ ಕಡೆ ಬಿರುಕು ಸಿಗುತ್ತದೆ. ಮುಚ್ಚಳಗಳನ್ನು ಚೈನಿನಿಂದ ಬಿಗಿಯದೆ ಈ ಪರೀಕ್ಷೆ ಮಾಡಬಾರದು. ಸಡಿಲವಾದ ಮುಚ್ಚಳ ಬಂದೂಕಿನ ಗುಂಡಿನಂತೆ ಹಾರುತ್ತದೆ. ಮುಚ್ಚಳದ ನೇರಕ್ಕೆ ಯಾರೂ ನಿಲ್ಲಬಾರದು.

ಇಷ್ಟಾದರೂ ಸಿಗದಿದ್ದರೆ ನಮ್ಮ ಮಳೆನಾಡಿಗೆ ವಿಶೇಷವಾದ ಒಂದು ಜಾಗವಿದೆ, ಎಕ್ಸಾಸ್ಟ್ ಬ್ರೇಕ್. ಸೈಲೆನ್ಸರ್ ಪೈಪಿನೊಳಗಿನ ಆ ತಟ್ಟೆ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ಅರ್ಧ ಮುಚ್ಚಿದ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಹೊಗೆ ಹೊರಗೆ ಹೋಗಲಾರದೆ ಟರ್ಬೊ ತಿರುಗುವುದಿಲ್ಲ, ಎಂಜಿನ್ ಕಾಯುತ್ತದೆ, ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಎಂಜಿನ್ ಆಫ್ ಮಾಡಿ ತಣಿದ ಮೇಲೆ ಅದರ ಹೊರಗಿನ ಲಿವರನ್ನು ಕೈಯಿಂದ ಆಡಿಸಿ. ತಾನಾಗಿ ಪೂರ್ತಿ ತೆರೆದ ಜಾಗಕ್ಕೆ ಮರಳಬೇಕು. ಈ ಒಂದು ಪರೀಕ್ಷೆಗೆ ಬೇಕಾದದ್ದು ಎರಡು ನಿಮಿಷ, ಆದರೂ ಟರ್ಬೊ ಬಿಚ್ಚುವ ಮೊದಲು ಇದನ್ನು ಮಾಡಿದವರನ್ನು ನಾನು ಕಂಡದ್ದು ಕಡಿಮೆ.

ಎಳೆಯುತ್ತಿಲ್ಲ, ಆದರೆ ಹೊಗೆಯೂ ಇಲ್ಲ

ಇದನ್ನು ಮೇಲಿನ ದೋಷದೊಡನೆ ಬೆರೆಸಬಾರದು. ಹೊಗೆಯಿಲ್ಲದೆ ದಮ್ಮು ಕಡಿಮೆಯಾಗಿದೆ ಎಂದರೆ ಡೀಸೆಲ್ಲೇ ಸಾಕಷ್ಟು ಬರುತ್ತಿಲ್ಲ. ಡೀಸೆಲ್ ಫಿಲ್ಟರ್ ಮತ್ತು ನೀರು ಬೇರ್ಪಡಿಸುವ ಬಟ್ಟಲನ್ನು ಮೊದಲು ನೋಡಿ. ಅದು ಎಲ್ಲರಿಗೂ ಗೊತ್ತಿರುವುದೇ.

ಗೊತ್ತಿಲ್ಲದ್ದು ಏನೆಂದರೆ, ಮ್ಯಾನಿಫೋಲ್ಡಿನಿಂದ ಡೀಸೆಲ್ ಪಂಪಿನ ಮೇಲಿರುವ ಡಯಾಫ್ರಾಮ್ ಡಬ್ಬಿಗೆ ಹೋಗುವ ಪೆನ್ಸಿಲ್ ದಪ್ಪದ ಕೊಳವೆ. ಟರ್ಬೊ ಒತ್ತಡ ಏರಿದೆ ಎಂಬ ಸುದ್ದಿಯನ್ನು ಪಂಪಿಗೆ ಮುಟ್ಟಿಸುವುದು ಅದೇ. ಸುದ್ದಿ ಬರುವತನಕ ಪಂಪು ಡೀಸೆಲ್ಲನ್ನು ಬಿಗಿಹಿಡಿದು ಕೊಡುತ್ತದೆ, ಇಲ್ಲವಾದರೆ ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗಲೂ ಹೊಗೆ ಕಕ್ಕುತ್ತದೆ. ಟರ್ಬೊ ಬದಲಾಯಿಸುವಾಗ ಈ ಕೊಳವೆಗೆ ಸ್ಪ್ಯಾನರ್ ತಾಗಿ ಬಾಗುವುದು, ಬಾಂಜೊ ಬೋಲ್ಟಿನ ತಾಮ್ರದ ವಾಷರ್ ಹಾಕಲು ಮರೆಯುವುದು ಮೇಲಿಂದ ಮೇಲೆ ಆಗುತ್ತದೆ. ಟರ್ಬೊ ಚೆನ್ನಾಗಿ ಒತ್ತುತ್ತಿರುತ್ತದೆ, ಟರ್ಬೊದ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಗೇಜ್ ಸ್ವಲ್ಪ ಮಟ್ಟಿಗೆ ಏರುತ್ತದೆ, ಆದರೆ ಪಂಪಿಗೆ ಸುದ್ದಿಯೇ ತಲುಪಿರುವುದಿಲ್ಲ. ಕೊಳವೆಯ ಎರಡೂ ತುದಿ ಬಿಚ್ಚಿ ಬಾಯಿಂದ ಊದಿ ನೋಡಿದರೆ ಸಾಕು. ಕೊಳವೆ ಸರಿಯಿದ್ದು ಡಯಾಫ್ರಾಮೇ ಹರಿದಿದ್ದರೆ ಅದು ಡೀಸೆಲ್ ಪಂಪ್ ರಿಪೇರಿ ಮಾಡುವ ಪಂಪ್ ರೂಮಿನವರ ಕೆಲಸ. ಪಂಪಿನ ಸೀಲು ಒಡೆದು ಸ್ಕ್ರೂ ತಿರುಗಿಸಿ "ಡೀಸೆಲ್ ಜಾಸ್ತಿ" ಮಾಡುವುದಕ್ಕೆ ಯಾರಾದರೂ ಕೈಹಾಕಿದರೆ ತಡೆಯಿರಿ; ಅದರ ಫಲ ಎಂಜಿನ್ ಕಾಯುವ ಲಕ್ಷಣದ ಕೆಳಗೆ ಸಿಗುತ್ತದೆ.

ತಿರುವಿನಲ್ಲಿ ಗೇರ್ ಇಳಿಸಿದ ಮೇಲೆ ಎಳೆತ ತಡವಾಗಿ ಬರುತ್ತಿದೆ

ಕೊಯನಾಡು, ಜೋಡುಪಾಲ, ಮದೆನಾಡು ದಾಟಿ ಮಡಿಕೇರಿಗೆ ಹತ್ತುವ ದಾರಿಯಲ್ಲಿ ತಿರುವಿಗೆ ಬಂದಾಗ ಎಂಜಿನ್ ಸಾವಿರದ ಆಸುಪಾಸಿನ ಆರ್‌ಪಿಎಂಗೆ ಇಳಿಯುತ್ತದೆ. ತಿರುವು ಮುಗಿಯುತ್ತಿದ್ದಂತೆ ಎಳೆತ ಬೇಕು. ಅದು ಎರಡು ಮೂರು ಸೆಕೆಂಡು ತಡವಾಗಿ, ಅದೂ ಒಂದು ಕರಿಮೋಡದ ಹಿಂದೆ ಬಂದರೆ ಎರಡು ಸಾಧ್ಯತೆಗಳಿವೆ.

ಒಂದು, ನಿಜವಾದ ದೋಷ. ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ತರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ಟರ್ಬೊಗೂ ನಡುವಿನ ಗ್ಯಾಸ್ಕೆಟ್ ಸೋರಿ, ಚಕ್ರ ತಿರುಗಿಸಬೇಕಾದ ಹೊಗೆ ಹೊರಗೆ ಹೋಗುತ್ತಿರಬಹುದು. ಕೀಲಿನ ಸುತ್ತ ಮಸಿಯ ಬೀಸಣಿಗೆಯಂಥ ಗುರುತು, ತಣ್ಣಗಿರುವ ಎಂಜಿನ್ ಚಾಲೂ ಮಾಡಿದೊಡನೆ ಟಪ್ ಟಪ್ ಸದ್ದು ಇದರ ಚಿಹ್ನೆ. ಘಾಟಿ ಇಳಿಯುವಾಗ ಎಕ್ಸಾಸ್ಟ್ ಬ್ರೇಕ್ ಮೊದಲಿನಷ್ಟು ಹಿಡಿಯುತ್ತಿಲ್ಲ ಎಂದು ಡ್ರೈವರ್ ಹೇಳಿದರೆ ಈ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ಆ ಬ್ರೇಕ್ ಕೆಲಸ ಮಾಡುವುದೇ ಹೊಗೆಯನ್ನು ಒಳಗೆ ತಡೆಹಿಡಿದು. ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಚಕ್ರಕ್ಕೆ ತಾಗಿಸದೆ ಬಿಡುವ ದಾರಿ) ಇರುವ ಟರ್ಬೊದಲ್ಲಿ ಅದರ ಬಾಗಿಲು ಮಸಿ ಕಟ್ಟಿ ತೆರೆದೇ ನಿಂತಿರಲೂಬಹುದು. ತಣ್ಣಗಿರುವಾಗ ಲಿವರ್ ಪೂರ್ತಿ ಮುಚ್ಚಿದ ಕಡೆಗೆ ಸ್ಪ್ರಿಂಗಿನ ಬಲದಲ್ಲಿ ಒತ್ತಿಕೊಂಡಿರಬೇಕು.

ಎರಡನೆಯದು ದೋಷವಲ್ಲ, ಆಯ್ಕೆಯ ತಪ್ಪು, ಮತ್ತು ಇದನ್ನು ಮಾಲೀಕರಿಗೆ ಒಪ್ಪಿಸುವುದೇ ಕಷ್ಟದ ಕೆಲಸ. ದೊಡ್ಡ ಟರ್ಬೊ ಹೆಚ್ಚು ಗಾಳಿ ಕೊಡುವುದು ಎಂಜಿನ್ ಹೆಚ್ಚು ಆರ್‌ಪಿಎಂನಲ್ಲಿ ಓಡುವಾಗ ಮಾತ್ರ. ಅದರ ಭಾರವಾದ ಚಕ್ರವನ್ನೂ ಅಗಲವಾದ ಹೊಗೆದಾರಿಯನ್ನೂ ತುಂಬಲು ಸಾವಿರ ಆರ್‌ಪಿಎಂನ ಹೊಗೆ ಸಾಲದು. ಹೊಗೆಯ ದಾರಿಯ ಅಗಲವನ್ನು ಸೂಚಿಸುವ ಎ/ಆರ್ ಎಂಬ ಸಂಖ್ಯೆ ಹೊಗೆ ಹಾಯುವ ಕವಚದ, ಅಂದರೆ ಟರ್ಬೈನ್ ಹೌಸಿಂಗಿನ ಮೇಲೆ ಎರಕದಲ್ಲಿ ಮೂಡಿರುತ್ತದೆ, ಇಲ್ಲವೇ ಟರ್ಬೊದ ಪಾರ್ಟ್ ನಂಬರಿನಿಂದ ತಿಳಿಯುತ್ತದೆ. ಹಳೆಯದರ ಸಂಖ್ಯೆಗಿಂತ ಹೊಸದರದ್ದು ದೊಡ್ಡದಾಗಿದ್ದರೆ ಎಳೆತ ತಡವಾಗುವುದು ಸಹಜವೇ. ದಿನವಿಡೀ ಚತುಷ್ಪಥ ಹೆದ್ದಾರಿಯಲ್ಲಿ ಓಡುವ ಗಾಡಿಗೆ ಸರಿಹೊಂದಿದ ಟರ್ಬೊ ಎರಡನೇ ಗೇರಿನಲ್ಲಿ ತಿರುವು ಹತ್ತುವ ಟಿಂಬರ್ ಲಾರಿಗೆ ಹೊಂದುವುದಿಲ್ಲ. ಅದೇ ಟರ್ಬೊಗೆ ಚಿಕ್ಕ ಟರ್ಬೈನ್ ಹೌಸಿಂಗ್ ಸಿಗುವಂತಿದ್ದರೆ ಅದನ್ನಷ್ಟೇ ಬದಲಾಯಿಸಬಹುದು. ಸಿಗದಿದ್ದರೆ ಎಂಜಿನ್ ತಯಾರಕರು ಹೇಳಿದ ಮೂಲ ಅಳತೆಗೆ ಮರಳುವುದೇ ಲೇಸು.

ಎತ್ತರದ ಲೆಕ್ಕವೂ ಇಲ್ಲಿ ಸೇರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇ 12–13ರಷ್ಟು ಕಡಿಮೆ. ಬೂಸ್ಟ್ ಗೇಜ್ ಎರಡೂ ಊರುಗಳಲ್ಲಿ 20 ಪಿಎಸ್‌ಐ ತೋರಿಸಿದರೂ ಅದು ಹೊರಗಿನ ಒತ್ತಡಕ್ಕಿಂತ ಮೇಲಿನ ಲೆಕ್ಕ ಮಾತ್ರ. ಸಿಲಿಂಡರಿಗೆ ಸೇರುವ ಒಟ್ಟು ಗಾಳಿ ಮಡಿಕೇರಿಯಲ್ಲಿ ಕಡಿಮೆಯೇ. ಅದೇ 20ನ್ನು ಕೊಡಲು ಟರ್ಬೊ ಅಲ್ಲಿ ಇನ್ನೂ ಜೋರಾಗಿ ತಿರುಗಬೇಕು. ಘಾಟಿಯ ಬುಡದಲ್ಲಿ ಚೆನ್ನಾಗಿದ್ದ ಗಾಡಿ ಮೇಲೆ ಹೋದಂತೆ ತುಸು ಮಂಕಾದರೆ, ಹೊಗೆ ತುಸು ಹೆಚ್ಚಾದರೆ, ಅದಕ್ಕಾಗಿ ಎಂಜಿನ್ ಬಿಚ್ಚಬೇಕಿಲ್ಲ.

ಸದ್ದು ಬದಲಾಗಿದೆ

ಲೋಡಿನಲ್ಲಿ ಮಾತ್ರ ಕೇಳುವ ಹಿಸ್ಸೆಂಬ ಸದ್ದು ಗಾಳಿ ಸೋರುವುದರದ್ದು, ಮೊದಲ ಲಕ್ಷಣಕ್ಕೆ ಮರಳಿ ಹೋಸುಗಳನ್ನು ನೋಡಿ. ದೊಡ್ಡ ಟರ್ಬೊದ ಸೀಟಿ ಹಳೆಯದಕ್ಕಿಂತ ಬೇರೆಯಾಗಿರುವುದು ಸಹಜ.

ಆಕ್ಸಿಲರೇಟರ್ ಬಿಟ್ಟಾಗ ಅಥವಾ ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಒತ್ತಿದಾಗ ಪಾರಿವಾಳ ರೆಕ್ಕೆ ಬಡಿದಂಥ ಫಡಫಡ ಸದ್ದು ಬಂದರೆ ಅದು ಸರ್ಜ್. ಟರ್ಬೊ ತಳ್ಳಿದ ಗಾಳಿಯನ್ನು ಎಂಜಿನ್ ತೆಗೆದುಕೊಳ್ಳಲಾರದೆ ಅದು ಹಿಂದಕ್ಕೆ ಬಡಿಯುತ್ತಿರುತ್ತದೆ. ಫಿಲ್ಟರ್ ಕಟ್ಟಿದ್ದರೂ ಬರುತ್ತದೆ, ಟರ್ಬೊದಲ್ಲಿ ಗಾಳಿ ತಳ್ಳುವ ಕಂಪ್ರೆಸರ್ ಚಕ್ರ ಎಂಜಿನ್ನಿಗೆ ತೀರಾ ದೊಡ್ಡದಾಗಿದ್ದರೂ ಬರುತ್ತದೆ. ಫಿಲ್ಟರ್ ಬದಲಾಯಿಸಿದರೂ ಪ್ರತಿ ಏರಿನಲ್ಲಿ ಈ ಸದ್ದು ಉಳಿದರೆ ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಬಹಳ ದಿನ ತಡೆಯುವುದಿಲ್ಲ.

ಆಂಬುಲೆನ್ಸಿನ ಸೈರನ್ನಿನಂತೆ ಏರಿಳಿಯುವ ಸದ್ದು, ಇಲ್ಲವೇ ಕಬ್ಬಿಣ ಉಜ್ಜಿದ ಸದ್ದು ಕೇಳಿದರೆ ಮಾತ್ರ ಗಾಡಿ ಅಲ್ಲೇ ನಿಲ್ಲಿಸಿ. ಪೂರ್ತಿ ತಣಿದ ಮೇಲೆ ಹೋಸ್ ಕಳಚಿ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಎಲ್ಲೂ ತಡೆಯದೆ ತಿರುಗಬೇಕು. ಚಕ್ರದ ಎಲೆಗಳ (ಬ್ಲೇಡುಗಳ) ಅಂಚಿನಲ್ಲಿ ಹೊಳಪು ಗೀರು, ಬಾಗು, ಚೂರು ಹಾರಿದ ಗುರುತು ಇರಬಾರದು. ಶಾಫ್ಟನ್ನು ಪಕ್ಕಕ್ಕೆ ಅಲ್ಲಾಡಿಸಿದಾಗ ಸ್ವಲ್ಪ ಆಟ ಕಂಡು ಗಾಬರಿಯಾಗುವವರೇ ಹೆಚ್ಚು. ಈ ಬುಷ್ ಬೇರಿಂಗುಗಳು ಎಣ್ಣೆಯ ಪದರದ ಮೇಲೆ ತೇಲುವಂಥವು, ಎಣ್ಣೆ ಒತ್ತಡ ಇಲ್ಲದಾಗ ಪಕ್ಕದ ಆಟ ಇರಲೇಬೇಕು. ಅಲ್ಲಾಡಿಸುತ್ತ ತಿರುಗಿಸಿದಾಗ ಚಕ್ರ ಹೌಸಿಂಗಿಗೆ ತಾಗಿದರೆ ಮಾತ್ರ ಅದು ಕೆಟ್ಟಿದೆ. ಹಿಂದಕ್ಕೂ ಮುಂದಕ್ಕೂ ಎಳೆದಾಗಿನ ಆಟ ಹಾಗಲ್ಲ. ಅದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನದು, ಬೆರಳಿಗೆ ಹೆಚ್ಚುಕಡಿಮೆ ತಿಳಿಯಲೇಬಾರದು. ಟಿಕ್ ಎಂದು ಕೈಗೆ ತಾಗಿದರೆ ಡಯಲ್ ಗೇಜ್ ಇಟ್ಟು ಅಳೆಸಿ, ತಯಾರಕರ ಅಳತೆಗೆ ಹೋಲಿಸಿ.

ನೀಲಿ ಹೊಗೆ ಬರುತ್ತಿದೆ, ಹೋಸಿನಲ್ಲಿ ಎಣ್ಣೆ ಇದೆ

ಹೋಸಿನ ಒಳಗೆ ಎಣ್ಣೆಯ ತೆಳುಪಸೆ ಇರುವುದು ದೋಷವಲ್ಲ. ಎಂಜಿನ್ನಿನ ಒಳಗಿನ ಆವಿ ಹೊರಬಿಡುವ ಬ್ರೀದರಿನಿಂದ ಅಷ್ಟು ಬಂದೇ ಬರುತ್ತದೆ. ಬೆರಳು ಅದ್ದಿದರೆ ತೊಟ್ಟಿಕ್ಕುವಷ್ಟಿದ್ದರೆ ಮಾತ್ರ ಯೋಚಿಸಬೇಕು.

ಟರ್ಬೊದ ಎಣ್ಣೆ ಸೀಲು ಗಾಡಿಯ ಚಕ್ರದ ಹಬ್ಬಿನಲ್ಲಿರುವ ರಬ್ಬರ್ ಸೀಲಿನಂಥದ್ದಲ್ಲ. ಅದು ಪಿಸ್ಟನ್ ರಿಂಗಿನಂಥ ಒಂದು ಉಕ್ಕಿನ ಬಳೆ. ಅತ್ತಿತ್ತಲಿನ ಗಾಳಿಯ ಒತ್ತಡವೇ ಎಣ್ಣೆಯನ್ನು ಒಳಗೆ ತಡೆದಿರುತ್ತದೆ. ಆದ್ದರಿಂದ ಸೀಲು ಹೊಚ್ಚಹೊಸದಾಗಿದ್ದರೂ ಎಣ್ಣೆ ಇಳಿದು ಹೋಗುವ ದಾರಿ ಕಟ್ಟಿದರೆ ಅದು ಸೋರಿಯೇ ತೀರುತ್ತದೆ. ಎಂಜಿನ್ನಿನ ಬುಡದ ಸಂಪಿನಲ್ಲಿ ಎಣ್ಣೆ ಗುರುತಿಗಿಂತ ಹೆಚ್ಚಿದೆಯೇ ನೋಡಿ; ಬ್ರೀದರ್ ಪೈಪ್ ಕೆಸರಿನಿಂದ ಮುಚ್ಚಿದೆಯೇ ನೋಡಿ; ಟರ್ಬೊದ ಕೆಳಗಿನ ಡ್ರೈನ್ ಪೈಪ್ ನೋಡಿ. ದೊಡ್ಡ ಟರ್ಬೊ ಕೂರಿಸಲು ಜಾಗ ಸಾಲದೆ ಟರ್ಬೊವನ್ನೇ ಓರೆಯಾಗಿ ತಿರುಗಿಸಿ, ಡ್ರೈನಿಗೆ ಡೀಸೆಲ್ ಹೋಸಿನ ತುಂಡು ಹಾಕಿ ಬಳಸಿ ಒಯ್ದಿರುವುದನ್ನು ಕಂಡಿದ್ದೇನೆ. ಇಲ್ಲಿ ಎಣ್ಣೆ ಒತ್ತಡದಿಂದಲ್ಲ, ತನ್ನ ಭಾರದಿಂದ ನೊರೆಯಾಗಿ ಇಳಿಯುತ್ತದೆ. ಪೈಪ್ ದಪ್ಪವಾಗಿರಬೇಕು, ಎಲ್ಲೂ ತಗ್ಗಿ ಮೇಲೇರಬಾರದು, ಡ್ರೈನಿನ ಬಾಯಿ ನೇರ ಕೆಳಮುಖದಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದು. ಗ್ಯಾಸ್ಕೆಟ್ ಜಾಗದಲ್ಲಿ ಸಿಲಿಕಾನ್ ಪೇಸ್ಟ್ ಹಚ್ಚಬಾರದು. ಹಿಂಡಿ ಒಳಗೆ ಬಂದ ಪೇಸ್ಟಿನ ಎಳೆ ಎಣ್ಣೆಯ ದಾರಿಗೆ ಅಡ್ಡ ನಿಲ್ಲುತ್ತದೆ.

ಕಟ್ಟಿದ ಏರ್ ಫಿಲ್ಟರ್ ಕೂಡ ಎಣ್ಣೆಯನ್ನು ಹೀರಿ ತರುತ್ತದೆ. ಲೋಡಿಂಗಿಗೆ ನಿಂತಾಗ ಗಂಟೆಗಟ್ಟಲೆ ಐಡಲಿನಲ್ಲಿ ಬಿಡುವ ಅಭ್ಯಾಸವೂ ಅಷ್ಟೇ. ಇವೆಲ್ಲ ಸರಿಯಿದ್ದೂ, ಬ್ರೀದರಿನಿಂದ ಹೊಗೆ ಬುಸುಗುಟ್ಟುತ್ತಿದ್ದರೆ ಸೋರುತ್ತಿರುವುದು ಟರ್ಬೊ ಅಲ್ಲ, ಎಂಜಿನ್ನಿನ ರಿಂಗು. ದೊಡ್ಡ ಟರ್ಬೊ ಹಾಕಿದರೆ ಅದು ಇನ್ನೂ ಬೇಗ ಹಾಳಾಗುತ್ತದೆ. ಯಾವ ಕಾರಣಕ್ಕಾದರೂ ಎಣ್ಣೆ ಸೋರಿದ್ದರೆ ಇಂಟರ್‌ಕೂಲರನ್ನು ಇಳಿಸಿ ಒಳಗಿನ ಎಣ್ಣೆ ಪೂರ್ತಿ ಬಸಿದು ತೊಳೆಯದೆ ಗಾಡಿ ಓಡಿಸಬಾರದು. ಅಲ್ಲಿ ನಿಂತ ಎಣ್ಣೆಯನ್ನು ಎಂಜಿನ್ ಡೀಸೆಲ್ಲಿನಂತೆ ಕುಡಿಯಬಲ್ಲದು.

ಹೊಸ ಟರ್ಬೊ ವಾರದೊಳಗೆ ಕೆಟ್ಟಿದೆ

ಸೋಮವಾರಪೇಟೆ ಕಡೆಯ ಒಂದು ಟಿಂಬರ್ ಲಾರಿ ಒಂದೇ ತಿಂಗಳಲ್ಲಿ ಎರಡು ಟರ್ಬೊ ತಿಂದು ನಮ್ಮಲ್ಲಿಗೆ ಬಂದಿತ್ತು. ಎರಡರಲ್ಲೂ ಶಾಫ್ಟ್ ಬೇರಿಂಗಿನ ಜಾಗದಲ್ಲಿ ನೀಲಿಗಟ್ಟಿತ್ತು. ನೀಲಿ ಬಣ್ಣ ಎಂದರೆ ಎಣ್ಣೆಯಿಲ್ಲದೆ ಕಾದ ಉಕ್ಕು. ಎಣ್ಣೆ ಹೊಸದು, ಫಿಲ್ಟರ್ ಹೊಸದು, ಒತ್ತಡದ ಗೇಜ್ ಸರಿಯಾಗಿತ್ತು. ಕೊನೆಗೆ ಮೇಲಿನಿಂದ ಎಣ್ಣೆ ಬರುವ ಉಕ್ಕಿನ ಕೊಳವೆಯನ್ನು ಕೈಗೆತ್ತಿಕೊಂಡೆ. ಊದಿದರೆ ಗಾಳಿ ಹೋಗುತ್ತಿತ್ತು, ಅದಕ್ಕೇ ಮೊದಲಿನವರು ಅದನ್ನು ಹಾಗೇ ಹಾಕಿದ್ದರು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರ ಹಾಯುವ ಬಾಗಿನಲ್ಲಿ ಗರಗಸ ಇಟ್ಟು ಸೀಳಿದಾಗ ಒಳಗೆ ಸುಟ್ಟ ಎಣ್ಣೆ ಗಟ್ಟಿ ಇದ್ದಿಲಾಗಿ, ನಡುವೆ ಅಗರಬತ್ತಿ ಕಡ್ಡಿ ತೂರುವಷ್ಟು ತೂತು ಉಳಿದಿತ್ತು. ಉಗುರಿನಿಂದ ಕೆರೆದರೆ ಬರುತ್ತಿರಲಿಲ್ಲ, ಕಬ್ಬಿಣದ ಕಡ್ಡಿಯಿಂದ ಚುಚ್ಚಿದಾಗ ಚೂರು ಚೂರಾಗಿ ಉದುರಿತು. ಎರಡು ಟರ್ಬೊಗಳನ್ನೂ ಕೊಂದದ್ದು ಅಷ್ಟು ಅಗ್ಗದ ಆ ಕೊಳವೆ.

ಆ ಇದ್ದಿಲು ಹುಟ್ಟುವುದು ಏರಿ ಮುಗಿಸಿದ ತಕ್ಷಣ ಕೀ ತಿರುಗಿಸಿ ಎಂಜಿನ್ ಆಫ್ ಮಾಡುವುದರಿಂದ. ಕೆಂಪಗೆ ಕಾದ ಟರ್ಬೊದಲ್ಲಿ ನಿಂತ ಎಣ್ಣೆ ಅಲ್ಲೇ ಬೇಯುತ್ತದೆ. ಮಡಿಕೇರಿ ತಲುಪಿದ ಮೇಲೆ ಮೂರು ನಿಮಿಷ ಐಡಲಿನಲ್ಲಿ ಬಿಟ್ಟು ಆಫ್ ಮಾಡಬೇಕು. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದೊಡನೆ ರೇಸ್ ಮಾಡುವುದೂ ಅಷ್ಟೇ ಕೆಟ್ಟದ್ದು. ಗಟ್ಟಿಯಾದ ಎಣ್ಣೆ ಟರ್ಬೊದವರೆಗೆ ಏರಲು ಸಮಯ ಬೇಕು.

ಟರ್ಬೊ ಬದಲಾಯಿಸುವಾಗಲೆಲ್ಲ ಎಣ್ಣೆಯ ಕೊಳವೆ, ಎಣ್ಣೆ, ಎಣ್ಣೆ ಫಿಲ್ಟರ್ ಮೂರನ್ನೂ ಬದಲಾಯಿಸಿ. ಹೊಸದನ್ನು ಕೂರಿಸಿದ ಮೇಲೆ ಅದರ ಎಣ್ಣೆ ಬಾಯಿಗೆ ಶುದ್ಧ ಎಂಜಿನ್ ಆಯಿಲ್ ಹೊಯ್ದು ಚಕ್ರವನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ. ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆದು, ಡ್ರೈನಿನಿಂದ ಎಣ್ಣೆ ಹರಿಯುವುದನ್ನು ಕಂಡ ಮೇಲೆಯೇ ಡ್ರೈನ್ ಪೈಪ್ ಜೋಡಿಸಿ ಎಂಜಿನ್ ಚಾಲೂ ಮಾಡಿ. ಹಳೆಯ ಟರ್ಬೊದ ಎಲೆ ಮುರಿದಿದ್ದರೆ ಆ ಚೂರು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಹೊಸದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಡಿ. ಅಲ್ಯೂಮಿನಿಯಂ ಚೂರು ಇಂಟರ್‌ಕೂಲರಿನಲ್ಲಿ ಕಾದು ಕೂತಿರುತ್ತದೆ.

ಎಳೆತ ಚೆನ್ನಾಗಿದೆ, ಆದರೆ ಎಂಜಿನ್ ಕಾಯುತ್ತಿದೆ

ದೊಡ್ಡ ಟರ್ಬೊ ಜೊತೆಗೆ ಪಂಪಿನಲ್ಲಿ ಡೀಸೆಲ್ ಹೆಚ್ಚಿಸಿದ ಗಾಡಿಗಳ ಲಕ್ಷಣವಿದು, ಮತ್ತು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಡ್ರೈವರಿಗೆ ಖುಷಿಯಾಗಿರುತ್ತದೆ. ಹೆಚ್ಚಿನ ಡೀಸೆಲ್ಲಿನ ಬಿಸಿ ಎಲ್ಲಿಗಾದರೂ ಹೋಗಲೇಬೇಕು. ಆನೆಕಾಡು, ಸುಂಟಿಕೊಪ್ಪದ ಏರಿನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಸಂಪಾಜೆಯಿಂದ ಬಿಡುವಿಲ್ಲದೆ ಹತ್ತುವಾಗ ಪಿಸ್ಟನ್ನಿನ ತಲೆ, ವಾಲ್ವ್, ಮ್ಯಾನಿಫೋಲ್ಡುಗಳಲ್ಲಿ ಕೂಡಿಕೊಳ್ಳುತ್ತದೆ. ರೇಡಿಯೇಟರ್ ಮತ್ತು ಇಂಟರ್‌ಕೂಲರ್ ನಡುವೆ ಸಿಕ್ಕಿದ ಹುಲ್ಲು, ಹುಳ, ಕೆಸರನ್ನು ಮೊದಲು ತೊಳೆಯಿರಿ; ಫ್ಯಾನ್ ಬೆಲ್ಟ್ ನೋಡಿ. ನಂತರ ಟರ್ಬೈನಿನ ಮುಂದೆ ಹೊಗೆಯ ಬಿಸಿ ಅಳೆಯುವ ಗೇಜ್ ಕೂರಿಸಿ. ಹಳೆಯ ಎಂಜಿನ್ನುಗಳಲ್ಲಿ ಉದ್ದದ ಏರಿನಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುವುದು ಎಚ್ಚರದ ಗೆರೆ. ಅದನ್ನು ಮೀರುತ್ತಿದ್ದರೆ ಗೇರ್ ಇಳಿಸಿ, ಆರ್‌ಪಿಎಂ ಏರಿಸಿ, ಕಾಲು ಸಡಿಲಿಸಿ. ಊರಿಗೆ ಬಂದ ಮೇಲೆ ಪಂಪನ್ನು ಕಂಪನಿ ಅಳತೆಗೆ ತರಿಸಿ. ಗೇಜ್ ಹಾಕಿಸದೆ ಡೀಸೆಲ್ ಹೆಚ್ಚಿಸುವುದು ಕಣ್ಣು ಕಟ್ಟಿಕೊಂಡು ಘಾಟಿ ಇಳಿದಂತೆ.

ಬಿಳಿ ಹೊಗೆ

ಚಳಿಯ ಬೆಳಗ್ಗೆ ಐದು ನಿಮಿಷ ಬಂದು ನಿಂತರೆ ಚಿಂತಿಸಬೇಕಿಲ್ಲ. ಬಿಸಿಯಾದ ಮೇಲೂ ಬರುತ್ತಿದ್ದು ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಇಲ್ಲವೇ ನೀರಿನಿಂದ ತಣಿಯುವ ಟರ್ಬೊ ಆಗಿದ್ದರೆ ಅದರ ಒಳಬಿರುಕು. ಎರಡೂ ರಸ್ತೆ ಬದಿಯ ಕೆಲಸವಲ್ಲ.

ಚೆಕ್ ಲೈಟ್ ಬಂದಿದೆ, ಗಾಡಿ ತಾನಾಗಿ ವೇಗ ಕಡಿಮೆ ಮಾಡುತ್ತಿದೆ

2020ರ ಏಪ್ರಿಲ್ 1ರಿಂದ ಮಾರಾಟವಾದ ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಗಳಲ್ಲಿ ಟರ್ಬೊ, ಡೀಸೆಲ್, ಹೊಗೆ ಶುದ್ಧೀಕರಣ ಎಲ್ಲವೂ ಕಂಪ್ಯೂಟರಿನ ಕೈಯಲ್ಲಿವೆ. ಇಲ್ಲಿ ಹೋಸು, ಫಿಲ್ಟರ್, ಸೆನ್ಸರಿನ ವಯರು ಇವಿಷ್ಟನ್ನು ನೋಡಿ. ಮಳೆಗಾಲದಲ್ಲಿ ಸೆನ್ಸರಿನ ಕಪ್ಲರಿಗೆ ನೀರು ಇಳಿದಿರುವುದೂ ಉಂಟು. ಒಳಗಿನ ಎಲೆಗಳ ಕೋನ ಬದಲಾಗುವಂಥ ಟರ್ಬೊ ಇದ್ದರೆ ಮಸಿ ಕಟ್ಟಿ ಅವು ಹಿಡಿದುಕೊಂಡಿರಬಹುದು, ಆದರೆ ಅದರ ಮೋಟಾರನ್ನು ಬಿಚ್ಚಿದ ಮೇಲೆ ಸ್ಕ್ಯಾನರ್ ಹಾಕಿ ಮತ್ತೆ ಹೊಂದಿಸದೆ ಅದು ಕೆಲಸ ಮಾಡುವುದಿಲ್ಲ. ಈ ಗಾಡಿಗಳಿಗೆ ಬೇರೆ ಅಳತೆಯ ಟರ್ಬೊ ಹಾಕುವ ಯೋಚನೆಯನ್ನೇ ಬಿಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಆರ್‌ಸಿಯ ವಿವರಗಳು ಹೊಂದದಂತಾಗುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಅಪಘಾತವಾದಾಗ ವಿಮೆಯವರ ಪ್ರಶ್ನೆಗೆ ಉತ್ತರ ಹೇಳುವುದೂ ಕಷ್ಟವಾಗುತ್ತದೆ.

ಆಫ್ ಮಾಡಿದರೂ ಎಂಜಿನ್ ನಿಲ್ಲುತ್ತಿಲ್ಲ, ಅಥವಾ ಎಣ್ಣೆ ದೀಪ ಹೊತ್ತಿದೆ

ಎಣ್ಣೆ ಒತ್ತಡದ ದೀಪ ಹೊತ್ತಿದರೆ, ಕಬ್ಬಿಣ ಉಜ್ಜುವ ಸದ್ದು ಬಂದರೆ, ಕಾದ ಟರ್ಬೊ ಮೇಲೆ ಎಣ್ಣೆ ಸೋರಿ ಹೊಗೆ ಏಳುತ್ತಿದ್ದರೆ ಮುಂದಿನ ಊರಿನವರೆಗೆ ಹೋಗೋಣ ಎಂಬ ಯೋಚನೆ ಬೇಡ. ಟರ್ಬೊ ಮೂಲಕ ಎಣ್ಣೆ ಕುಡಿದು ಎಂಜಿನ್ ತಾನೇ ರೇಸ್ ಆಗತೊಡಗಿದರೆ ಕೀ ತಿರುಗಿಸಿದರೂ, ಡೀಸೆಲ್ ಬಂದ್ ಮಾಡಿದರೂ ಅದು ನಿಲ್ಲುವುದಿಲ್ಲ. ಗಾಡಿ ನಿಂತಿದ್ದರೆ ಬ್ರೇಕ್ ಪೂರ್ತಿ ಒತ್ತಿ ಹಿಡಿದು ದೊಡ್ಡ ಗೇರ್ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಕಟ್ಟಿ ನಿಲ್ಲಬಹುದು. ಮುಂದೆ ಯಾರೂ ನಿಂತಿರಬಾರದು. ಇದು ಆಗದಿದ್ದರೆ, ಗಾಳಿಕೊಳವೆಯ ಬಾಯಿ ಎಂಜಿನ್ನಿನಿಂದ ದೂರವಿದ್ದು ಸುಲಭವಾಗಿ ಕೈಗೆಟುಕುವಂತಿದ್ದರೆ ಮಾತ್ರ ಅದಕ್ಕೆ ದಪ್ಪ ಹಲಗೆ ಒತ್ತಿ ಗಾಳಿ ತಡೆಯಬಹುದು. ಅಂಗೈ, ಬಟ್ಟೆ, ಗೋಣಿಚೀಲ ಖಂಡಿತ ಬೇಡ. ಅದಕ್ಕೂ ಅವಕಾಶವಿಲ್ಲದಿದ್ದರೆ ಕ್ಲೀನರನ್ನೂ ಕರೆದುಕೊಂಡು ಎಂಜಿನ್ನಿನ ಬದಿಯಿಂದ ದೂರ ಸರಿದು ನಿಲ್ಲಿ. ಒಡೆದ ಚೂರುಗಳು ಪಕ್ಕಕ್ಕೆ ಹಾರುತ್ತವೆ. ಎಂಜಿನ್ ನಿಂತ ಮೇಲೂ ಅರ್ಧ ಗಂಟೆ ಹತ್ತಿರ ಹೋಗಬೇಡಿ. ಅನಂತರ ಚಕ್ರಕ್ಕೆ ಮರದ ತುಂಡು ಕೊಟ್ಟು, ಹಿಂದಿನ ತಿರುವಿನ ಆಚೆಗೆ ಬರುವ ಗಾಡಿಗಳಿಗೆ ಕಾಣುವಂತೆ ಎಚ್ಚರಿಕೆಯ ತ್ರಿಕೋನವನ್ನೋ ಸೊಪ್ಪಿನ ಕೊಂಬೆಯನ್ನೋ ಇಟ್ಟು, ಗಾಡಿಯನ್ನು ಎಳೆದೊಯ್ಯಲು ಜನ ಕರೆಸಿ.